ಮೊಹರು ಹಾಕಿದ ಲೆಕ್ಕ

ಥೇಡಾ ಓಲ್ಟ್‌ಮನ್ಸ್ ಹೊಸ ಮಂಡಿ ಹಾಕಿಸಿಕೊಂಡು, ದ್ವೀಪದ ಆರೈಕೆ ಮನೆಯಲ್ಲಿ ಆ ಮಂಡಿಗೆ ನಡಿಗೆ ಕಲಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಮಾಲೀಕ ಉಬ್ಬೊ ಹಾರಿಂಗಾ ಕಚೇರಿಯ ಬಾಗಿಲಿನಲ್ಲಿ ಕಾರು ಚಾಲೂ ಮಾಡಿಕೊಂಡು ಕಾಯುತ್ತಿದ್ದ. ಅವಳು ಕೋಟು ಬಿಚ್ಚುವುದಕ್ಕೂ ಬಿಡಲಿಲ್ಲ.

"ಹತ್ತು, ಹತ್ತು. ನೀರು ಮಂಡಳಿಗೆ ಹೋಗ್ಬೇಕು. ನೀನು ಸುಮ್ನೆ ಪಕ್ಕದಲ್ಲಿ ಕೂತ್ರೆ ಸಾಕು, ಬಾಕಿದ್ದು ನಾನು ನೋಡ್ಕೋತೀನಿ."

"ಯಾಕೆ, ಏನಾಯ್ತು?"

"ಏನೂ ಆಗ್ಲಿಲ್ಲ. ಇವತ್ತು ನಮ್ ಲಕೋಟೆ ಒಡೆಯೋ ದಿನ."

ಥೇಡಾ ಒಂದು ಕಾಲು ಕಾರಿನೊಳಗೆ, ಒಂದು ಕಾಲು ಒದ್ದೆ ಇಟ್ಟಿಗೆ ಹಾಸಿನ ಮೇಲೆ ಇಟ್ಟುಕೊಂಡು ಹಾಗೇ ನಿಂತಳು. ಮಂಡಿ ನೋಯುತ್ತಿದೆಯೇನೋ ಅಂದುಕೊಂಡು ಉಬ್ಬೊ ಅವಳ ಕೈಚೀಲ ಈಸಿಕೊಂಡ. ಅವನಿಗೆ ಅಷ್ಟು ಮರ್ಯಾದೆ ಗೊತ್ತು, ಇಲ್ಲವೆಂದಲ್ಲ.

ಲಕೋಟೆಯೆಂದರೆ ಯಾವುದೋ ಪತ್ರವಲ್ಲ. ಟೆಂಡರ್ ಗೆದ್ದವರು ಕರಾರಿಗೆ ಸಹಿ ಹಾಕುವ ದಿನ ತಮ್ಮ ಮೂಲ ಲೆಕ್ಕವನ್ನು, ಕಾಲುವೆ ಒಡ್ಡು ಸೇತುವೆಗಳನ್ನು ನೋಡಿಕೊಳ್ಳುವ ಈ ನೀರು ಮಂಡಳಿಗೆ ಒಪ್ಪಿಸಬೇಕು. ಒಂದೊಂದು ಬಾಬ್ತಿಗೂ ಕೂಲಿ ಎಷ್ಟು, ಸಾಮಾನು ಎಷ್ಟು, ಯಂತ್ರದ ಬಾಡಿಗೆ ಎಷ್ಟು, ಲಾಭ ಎಷ್ಟು ಎಂದು ಬಿಡಿಸಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿದ ಅಂಚಿನ ಮೇಲೆ ಮಾಲೀಕ ಸಹಿ ಎಳೆದು, ಮೊಹರು ಒತ್ತಿ ಕೊಡಬೇಕು. ಮಂಡಳಿ ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತದೆ. ಮುಂದೆ ದರದ ತಕರಾರು ಬಂದರೆ ಮಾತ್ರ, ಅದೂ ಗುತ್ತಿಗೆದಾರನ ಕಣ್ಣೆದುರಿಗೆ, ಅವನು ಹೂಂ ಅಂದ ಮೇಲೆ ಒಡೆಯಬೇಕು. ಬಹುಪಾಲು ಲಕೋಟೆಗಳಿಗೆ ಆ ಯೋಗ ಬರುವುದಿಲ್ಲ. ಸೇತುವೆ ಮುಗಿಯುತ್ತದೆ, ಲಕೋಟೆ ಹಾಗೇ ಮನೆಗೆ ವಾಪಸು ಬರುತ್ತದೆ. ಅದರಿಂದಲೇ ಈ ಕಡಲಂಚಿನ ಮಾಲೀಕರಿಗೆಲ್ಲ ಒಂದು ಸೋಮಾರಿತನ ಅಂಟಿಕೊಂಡಿದೆ. ಒಳಗೇನಿದೆ ಎಂದು ಓದುವುದಿಲ್ಲ, ಮೇಲೆ ಸಹಿ ಮಾತ್ರ ಸೊಗಸಾಗಿ ಹಾಕುತ್ತಾರೆ.

ಉಬ್ಬೊ ಆ ಸೋಮಾರಿಗಳಿಗೆಲ್ಲ ಹಿರಿಯ. ಲೆಕ್ಕದಲ್ಲಿ ಅವನು ನೋಡುತ್ತಿದ್ದುದು ಕೊನೆಯ ಮೊತ್ತ ಒಂದನ್ನೇ. ಮಿಕ್ಕದ್ದು ಥೇಡಾಳದು. ಇಬ್ಬರೂ ಒಂದೇ ಕಾಲುವೆ ಬೀದಿಯಲ್ಲಿ ಹುಟ್ಟಿದವರು, ಒಂದೇ ಬೆಂಚಿನಲ್ಲಿ ಮಗ್ಗಿ ಕಲಿತವರು. ಮಗ್ಗಿ ಅವಳಿಗೆ ಹತ್ತಿತು, ಅವನಿಗೆ ಸೇತುವೆ ಕಟ್ಟುವ ಅಪ್ಪನ ಕಂಪನಿ ಬಂತು. ಕಂಪನಿಯ ಟೆಂಡರ್‌ಗಳ ಲೆಕ್ಕವೆಲ್ಲ ಅವಳ ಕೈಯಲ್ಲೇ ಹುಟ್ಟಿ ಬೆಳೆದದ್ದು.

ಕಾರು ಕಾಲುವೆ ದಂಡೆಯ ರಸ್ತೆ ಹಿಡಿಯಿತು. ನವೆಂಬರಿನ ಮೋಡ ಗದ್ದೆಗಳ ಮೇಲೆಯೇ ಕೂತಿತ್ತು. ಉಬ್ಬೊ ಹುರುಪಿನಲ್ಲಿದ್ದ.

"ನೀನಿಲ್ದಾಗ ಪೂರ್ವದ ದಂಡೇಲಿ ಸೇತುವೆಯ ಪೈಲ್ ಕಂಬ ಹೊಡೆಯೋಕೆ ಶುರು ಮಾಡಿದ್ವಿ. ಮಂಡಳಿಯೋರ ಮಣ್ಣಿನ ವರದಿ ನಂಬ್ಕೊಂಡು ಸಣ್ಣ ಯಂತ್ರ ತರಿಸೋಣ ಅಂತಿದ್ದೆ. ಯಂತ್ರ ಓಡಿಸೋನು ಹಾಯೊ ಅಲ್ವಾ, ಅವನು ಹೋಗಿ ಒಂದು ಸುತ್ತು ಓಡಾಡಿ ಬಂದು, 'ಅಯ್ಯೋ, ಬೂಟೇ ಒಳಗೋಗುತ್ತೆ, ಯಂತ್ರ ನಿಲ್ಲುತ್ತಾ?' ಅಂದ. ಚಕ್ರದ ಬದಲು ಅಗಲ ಪಟ್ಟೆ ಮೇಲೆ ಓಡೋ ದೊಡ್ಡ ಯಂತ್ರ ಬಾಡಿಗೆಗೆ ತರಿಸ್ದೆ. ಐವತ್ತೆಂಟು ಸಾವಿರ ಯೂರೋ ಜಾಸ್ತಿ! ವರದಿ ತಪ್ಪು ಅಂದ್ಮೇಲೆ ಕೊಡಬೇಕಾದ್ದು ಅವರು. ಎಕ್ಸ್‌ಟ್ರಾ ಬಿಲ್ ಕಳಿಸ್ದೆ."

"ಅವರೇನಂದ್ರು?"

"ಆ ರೇಮ್ಟ್ ಗೊತ್ತಲ್ಲ, ಮಂಡಳಿಯ ಎಂಜಿನಿಯರು, ನೀರನ್ನೂ ಅಗಿದು ನುಂಗೋನು. 'ಮೂಲದಲ್ಲಿ ಸಣ್ಣ ಯಂತ್ರಕ್ಕೇ ಲೆಕ್ಕ ಹಾಕಿದ್ರಿ ಅನ್ನೋಕೆ ಆಧಾರ ಏನು' ಅಂತ ಕೇಳ್ದ. ನಾನೂ ಬಿಡ್ಲಿಲ್ಲ. 'ಲಕೋಟೆ ನಿಮ್ಮ ಬೀರುವಲ್ಲೇ ಇದೆ, ಒಡೆದು ನೋಡ್ಕೊಳ್ಳಿ' ಅಂತ ನಾನೇ ಬರೆದೆ!" ಉಬ್ಬೊ ಸ್ಟೀರಿಂಗ್ ಮೇಲೆ ಕೈ ಬಡಿದು ನಕ್ಕ. "ಆ ದುಡ್ಡು ಬಂದ್ರೆ ಹುಡುಗರಿಗೆ ಕ್ರಿಸ್‌ಮಸ್ ಬೋನಸ್. ಹತ್ತೊಂಬತ್ತು ಮನೆ ಥೇಡಾ. ಮಾತು ಕೊಟ್ಬಿಟ್ಟಿದ್ದೀನಿ."

ಥೇಡಾ ಕಿಟಕಿಯಾಚೆ ನೋಡಿದಳು. ಆ ಲಕೋಟೆಯೊಳಗೆ ಇದ್ದದ್ದು ದೊಡ್ಡ ಯಂತ್ರ. ಅವಳೇ ಹಾಕಿದ್ದಳು, ಯಾರಿಗೂ ಹೇಳದೆ.

"ಉಬ್ಬೊ, ಕಾರು ನಿಲ್ಲಿಸು."

"ಯಾಕೆ, ಮಂಡಿನಾ?"

"ಮಂಡಿ ಮನೆ ಹಾಳಾಯ್ತು. ನಿಲ್ಲಿಸು."

ಅವನು ಬಸ್ ನಿಲ್ದಾಣದ ಪಕ್ಕಕ್ಕೆ ತಂದು ನಿಲ್ಲಿಸಿದ. ಥೇಡಾ ಮುಂದಿನ ಗಾಜು ನೋಡುತ್ತಲೇ ಹೇಳಿದಳು.

"ನಾನು ಸಣ್ಣ ಯಂತ್ರ ಬರೀಲಿಲ್ಲ. ಲಕೋಟೆಯಲ್ಲಿ ದೊಡ್ಡದೇ ಇದೆ. ಅದರ ಬಾಡಿಗೆ ನಮ್ ದರದಲ್ಲಿ ಆಗ್ಲೇ ಸೇರಿದೆ."

ಅವನಿಗೆ ಅದು ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದಾಗ ಕಿವಿ ಕೆಂಪಾಯಿತು.

"ನಾನು ಏನು ಹೇಳಿದ್ದೆ?"

"ಸಣ್ಣದು ಹಾಕು ಅಂದಿದ್ದೆ."

"ನೀನೇನು ಮಾಡ್ದೆ?"

"ದೊಡ್ಡದು ಹಾಕ್ದೆ. ಆ ದಂಡೆ ನಿನಗೆ ಗೊತ್ತಿಲ್ವಾ? ನಿಮ್ ಚಿಕ್ಕಪ್ಪನ ಹಸು ಹೂತ್ಕೊಂಡಿದ್ದು ಅಲ್ಲೇ ತಾನೇ? ಬೀದಿಯೋರೆಲ್ಲ ಹಗ್ಗ ಹಾಕಿ ಎಳೆದ್ರೂ ಬರ್ಲಿಲ್ಲ. ಮಂಡಳಿಯೋರು ಮಣ್ಣು ಅಗೆದು ನೋಡಿದ್ದು ರಸ್ತೆ ಕಡೆ, ಗಟ್ಟಿ ಇರೋ ಕಡೆ. ವರದಿ ತಪ್ಪು ಅಂತ ಮಂಡಳಿಗೆ ಬರೆಯೋಣ ಅಂದೆ. ಬೇಡ, ಬೇರೆ ಕಂಪನಿಯೋರಿಗೆಲ್ಲ ಗೊತ್ತಾಗುತ್ತೆ ಅಂದೆ ನೀನು."

"ವರದಿ ಏನು ಹೇಳುತ್ತೋ ಅದಕ್ಕೆ ದರ! ಅದು ರೂಲು! ವರದಿ ತಪ್ಪಾದ್ರೆ ಅವರು ತೆರ್ತಾರೆ. ತಪ್ಪು ಅಂತ ಗೊತ್ತಿದ್ದದ್ದು ನಿನಗೆ, ವರದಿಗಲ್ಲ!"

"ಸಣ್ಣ ಯಂತ್ರಕ್ಕೆ ಲೆಕ್ಕ ಹಾಕಿದ್ರೆ ನೀನು ಸಣ್ಣದನ್ನೇ ಕಳಿಸ್ತಿದ್ದೆ. ಅದು ಮಗುಚ್ಕೊಳ್ತಿತ್ತು. ಒಳಗೆ ಹಾಯೊ ಇರ್ತಿದ್ದ. ನಿಲ್ಲಲ್ಲ ಅಂತ ಗೊತ್ತಿದ್ದೂ ನಿಲ್ಲುತ್ತೆ ಅಂತ ಬರೆಯೋಕೆ ನನ್ ಕೈ ಬರ್ಲಿಲ್ಲ."

ಇನ್ನೊಂದು ಮಾತು ಅವಳ ಗಂಟಲಿನವರೆಗೆ ಬಂದಿತ್ತು. ದೊಡ್ಡ ಯಂತ್ರ ಹಾಕಿಯೂ ಕೊನೆಯ ಮೊತ್ತ ಉಬ್ಬೊ ಹೇಳಿದ್ದಷ್ಟೇ ಉಳಿದಿತ್ತಲ್ಲ, ಅದು ಹೇಗೆ ಎಂಬ ಮಾತು. ಅವನು ಕೇಳಲಿಲ್ಲ. ಅವಳಿಗೂ ಧೈರ್ಯ ಸಾಲಲಿಲ್ಲ. ಒಂದೇ ಬೆಳಿಗ್ಗೆ ಒಬ್ಬ ಮನುಷ್ಯನಿಗೆ ಎಷ್ಟು ಅಂತ ಬಡಿಯುವುದು?

"ಹೋಗೋಣ," ಅಂದಳು. "ಒಡೆಯೋ ಮುಂಚೆ ಬಿಲ್ ವಾಪಸ್ ತಗೋ. ಒಡೆದ್ಮೇಲೆ ಕಷ್ಟ. ಒಂದೇ ಯಂತ್ರಕ್ಕೆ ಎರಡು ಸಲ ದುಡ್ಡು ಕೇಳಿದ್ರು ಅಂತಾರೆ, ಮಂಡಳಿಯ ಗುತ್ತಿಗೆದಾರರ ಪಟ್ಟಿಯಿಂದ ಹೆಸರು ಹೊಡೆದ್ಹಾಕ್ತಾರೆ. ನಮ್ ಕೆಲಸವೆಲ್ಲ ಅವರದೇ ಉಬ್ಬೊ. ಪಟ್ಟಿಯಿಂದ ಹೋದ್ರೆ ಬೋನಸ್ ಇರ್ಲಿ, ಬಾಗಿಲೇ ಮುಚ್ಚಬೇಕು."

ಉಬ್ಬೊ ಕಾರನ್ನು ಮತ್ತೆ ರಸ್ತೆಗೆ ತಂದ. ನೀರು ಮಂಡಳಿಯ ಕೆಂಪು ಇಟ್ಟಿಗೆಯ ಕಟ್ಟಡ ಕಾಣಿಸಿದ ಮೇಲೆಯೇ ಬಾಯಿ ಬಿಟ್ಟಿದ್ದು. ಆಗ ಅವನ ದನಿ ತಣ್ಣಗಿತ್ತು. ಸಿಟ್ಟು ಮೂಗಿನ ತುದಿಯಲ್ಲಿರುವವನು ತಣ್ಣಗಾದರೆ ಹೆದರಬೇಕು.

"ಬೇರೆ ಟೆಂಡರ್‌ನಿಂದ ನಕಲು ಮಾಡೋವಾಗ ಕೈತಪ್ಪಿ ಬಂತು ಅನ್ನು. ದೊಡ್ಡ ಯಂತ್ರ ಅನ್ನೋದು ಬರವಣಿಗೆ ತಪ್ಪು. ಅಷ್ಟೇ. ಮನುಷ್ಯರಿಗೆ ತಪ್ಪಾಗುತ್ತೆ."

"ನನಗಾ?"

"ಹೂಂ. ನಿನಗೆ."

ರೇಮ್ಟ್ ಸಾಟ್‌ಹೋಫ್ ಬಾಗಿಲಿಗೇ ಬಂದು, ಈ ಕಡೆಯವರು ನಮಸ್ಕಾರಕ್ಕೆ ಹೇಳುವಂತೆ, "ಮೋಯ್ನ್" ಅಂದ. ಉದ್ದನೆಯ ಮನುಷ್ಯ, ಮಾತು ಗಿಡ್ಡ. ನೇರ ಒಳಕೋಣೆಗೆ ಕರೆದೊಯ್ದ. ಅಲ್ಲಿ ಮೇಜಿನ ಮೇಲೆ ಲಕೋಟೆ ಇರಲಿಲ್ಲ, ಟೀ ಇತ್ತು. ಇದು ಈ ಕಡೆಯವರ ಕಟ್ಟಳೆ: ಜಗಳವಾಡಲು ಬಂದವರಿಗೂ ಮೊದಲು ಮೂರು ಬಟ್ಟಲು ಟೀ ಇಳಿಯಬೇಕು, ಆಮೇಲೆ ಜಗಳ. ಮೂರಕ್ಕೆ ಮುಂಚೆ ಸಾಕು ಅಂದವನನ್ನು ಊರಲ್ಲಿ ಯಾರೂ ನೆಚ್ಚುವುದಿಲ್ಲ. ಥೇಡಾ ಜೀವನದಲ್ಲಿ ಮೊದಲ ಬಾರಿಗೆ ಆ ಕಟ್ಟಳೆಗೆ ಮನಸ್ಸಿನಲ್ಲೇ ಕೈಮುಗಿದಳು. ಉಬ್ಬೊ ಮನಸ್ಸು ಬದಲಾಯಿಸಲು ಇನ್ನೂ ಮೂರು ಬಟ್ಟಲಿನಷ್ಟು ಹೊತ್ತಿತ್ತು.

ಕಲ್ಲುಸಕ್ಕರೆಯ ಮೇಲೆ ಬಿಸಿ ಟೀ ಬಿದ್ದು ಚಟಚಟ ಅಂದಿತು. ರೇಮ್ಟ್ ಕೆನೆಯನ್ನು ಬಟ್ಟಲಿನಂಚಿಗೆ ಬಿಟ್ಟ. ಕಲಕುವುದು ಇಲ್ಲಿ ಪದ್ಧತಿಯಲ್ಲ, ಯಾರೂ ಕಲಕಲಿಲ್ಲ.

"ಮಂಡಿ ಹೇಗಿದೆ ಶ್ರೀಮತಿ ಓಲ್ಟ್‌ಮನ್ಸ್?"

"ನನಗಿಂತ ಚೆನ್ನಾಗಿದೆ. ಅದಕ್ಕೆ ಇಪ್ಪತ್ತು ವರ್ಷ ಗ್ಯಾರಂಟಿಯಂತೆ, ನನಗೆ ಯಾರೂ ಕೊಟ್ಟಿಲ್ಲ."

ರೇಮ್ಟ್ ನಗುವುದು ಅಪರೂಪ. ತುಟಿಯ ಒಂದು ಮೂಲೆ ಅಲ್ಲಾಡಿತು. ಉಬ್ಬೊ ಮಾತ್ರ ಜೋರಾಗಿ ನಕ್ಕ, ಬೇಕಾದ್ದಕ್ಕಿಂತ ಜೋರಾಗಿ. ಎರಡನೆಯ ಬಟ್ಟಲಿನಲ್ಲಿ ಪ್ರವಾಹದ ಒಡ್ಡಿನ ಮಾತು ಬಂತು, ಕುರಿಗಳ ಕಾಲುಬೇನೆಯ ಮಾತು ಬಂತು. ಥೇಡಾಳ ಬಾಯಿಗೆ ಟೀ ರುಚಿಸಲಿಲ್ಲ. ರೇಮ್ಟ್ ಎದ್ದ.

"ಬೀರು ತೆಗೆಯೋಕೆ ಇಬ್ಬರು ಬೇಕು. ಲೆಕ್ಕಪತ್ರದವರನ್ನ ಕರ್ಕೊಂಡು ಹೋಗಿ ತರ್ತೀನಿ. ನೀವು ಮೂರನೇದು ಹಾಕ್ಕೊಳ್ಳಿ."

ಬಾಗಿಲು ಮುಚ್ಚಿದ ಕೂಡಲೇ ಥೇಡಾ ಮೇಜಿನ ಮೇಲೆ ಬಾಗಿದಳು.

"ಈಗ್ಲೂ ಕೆಟ್ಟಿಲ್ಲ. ಬಂದ ಕೂಡ್ಲೆ ಹೇಳ್ಬಿಡು, ಬಿಲ್ ವಾಪಸ್ ತಗೋತೀವಿ ಅಂತ. ಒಡೆಯೋ ಪ್ರಶ್ನೆನೇ ಬರಲ್ಲ."

"ಕಾರಣ ಕೇಳ್ತಾನಲ್ಲ? ನಾನೇ ಒಡೆಯಿರಿ ಅಂತ ಬರೆದಿದ್ದೀನಿ. ಈಗ ಬೇಡ ಅಂದ್ರೆ ಒಳಗೆ ಏನೋ ಇದೆ ಅಂತ ಗೊತ್ತಾಗೋದಿಲ್ವಾ ಅವನಿಗೆ?" ಉಬ್ಬೊನ ಹಣೆ ಬೆವರಿತ್ತು. "ನೀನು ಒಂದು ಮಾತು ಹೇಳಿದ್ರೆ ಮುಗೀತು ಥೇಡಾ. ಒಂದೇ ಒಂದು. ನಿನ್ನ ಮೇಲೆ ಯಾರೂ ಕೇಸು ಹಾಕಲ್ಲ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ."

"ಆ ಕೋಲು ನಾನು ಉಬ್ಬೊ."

"ಹತ್ತೊಂಬತ್ತು ಮನೆ!" ಅಂದ ಅವನು, ಮೇಜಿನಂಚನ್ನು ಹಿಡಿದು.

ಅದು ಸುಳ್ಳಲ್ಲ. ಥೇಡಾಗೂ ಆ ಮನೆಗಳೆಲ್ಲ ಗೊತ್ತು. ಯಾವ ಮನೆಯಲ್ಲಿ ಯಾವ ಮಗು ಯಾವ ಸೈಕಲ್ಲಿಗೆ ಕಾದಿದೆ ಎನ್ನುವುದೂ ಗೊತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡು ಅವಳದು, ಉಗುಳುವಂತಿಲ್ಲ, ನುಂಗುವಂತಿಲ್ಲ. ಒಂದು ಸಣ್ಣ ಸುಳ್ಳು. ಮುದುಕಿಯ ಕೈತಪ್ಪು. ಊರಲ್ಲಿ ಅಬ್ಬಬ್ಬಾ ಅಂದರೆ ಒಂದು ವಾರ ಆಡಿಕೊಳ್ಳುತ್ತಾರೆ. ಅವಳ ಮನಸ್ಸು ಒಂದು ಗಳಿಗೆ ಆ ಕಡೆ ವಾಲಿತು ಎನ್ನುವುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ರೇಮ್ಟ್ ಲಕೋಟೆ ತಂದು ಮೇಜಿನ ನಡುವೆ ಇಟ್ಟ. ಕಂದು ಬಣ್ಣದ್ದು, ಅಂಚಿನ ಮೇಲೆ ಉಬ್ಬೊನ ಸಹಿ ಈ ತುದಿಯಿಂದ ಆ ತುದಿಗೆ ಹಬ್ಬಿತ್ತು. ಅವನು ಅದನ್ನು ತಿರುಗಿಸಿ ಇಬ್ಬರಿಗೂ ತೋರಿಸಿದ.

"ಮೊಹರು ಹಾಗೇ ಇದೆ, ನೋಡ್ಕೊಳ್ಳಿ. ಹಾರಿಂಗಾ ಅವರೇ, ಒಡೆಯೋಕೆ ನಿಮ್ಮ ಒಪ್ಪಿಗೆ ಇದೆಯಾ? ಇಲ್ಲ ಅಂದ್ರೆ ಒಡೆಯೋದಿಲ್ಲ."

ಥೇಡಾ ಉಬ್ಬೊನ ಮುಖವನ್ನೇ ನೋಡಿದಳು. ಬೇಡ ಅನ್ನು ಎಂದು ಅವಳ ಕಣ್ಣೆಲ್ಲ ಕೂಗುತ್ತಿತ್ತು. ಅವನು ಅವಳ ಕಡೆ ತಿರುಗಲಿಲ್ಲ. ಮೂರನೆಯ ಬಟ್ಟಲನ್ನು ಒಂದೇ ಗುಟುಕಿಗೆ ಮುಗಿಸಿ, ಇನ್ನು ಸಾಕು ಎನ್ನುವ ಗುರುತಿಗೆ ಚಮಚವನ್ನು ಬಟ್ಟಲೊಳಗೆ ನಿಲ್ಲಿಸಿದ.

"ಒಡೆಯಿರಿ."

ಚಾಕು ಕಾಗದ ಸೀಳಿದ ಸದ್ದು ಬಹಳ ಚಿಕ್ಕದು. ರೇಮ್ಟ್ ಹಾಳೆಗಳನ್ನು ಹೊರತೆಗೆದು ನೆಟ್ಟಗೆ ಜೋಡಿಸಿಕೊಂಡು, ಕನ್ನಡಕ ಏರಿಸಿ, ಪೈಲ್ ಬಾಬ್ತಿನ ಹಾಳೆಗೆ ಬಂದ. ಬೆರಳು ಸಾಲು ಸಾಲಾಗಿ ಇಳಿಯಿತು. ಕೂಲಿ. ಕಾಂಕ್ರೀಟು. ಯಂತ್ರ. ಅಲ್ಲಿ ನಿಂತಿತು.

"ಅಗಲ ಪಟ್ಟೆಯ ದೊಡ್ಡ ಯಂತ್ರ," ಎಂದು ಓದಿದ. ಮತ್ತೆ ಓದಿದ. ಆಮೇಲೆ ಕನ್ನಡಕದ ಮೇಲಿನಿಂದ ನೋಡಿದ. "ಇದನ್ನೇ ತಾನೇ ನೀವು ಹೆಚ್ಚುವರಿ ಅಂತ ಕೇಳಿರೋದು?"

"ಅದೊಂದು ಬರವಣಿಗೆ ತಪ್ಪು ರೇಮ್ಟ್ ಅವರೇ," ಅಂದ ಉಬ್ಬೊ, ದನಿಯಲ್ಲಿ ಜೇನು ಸುರಿಸಿಕೊಂಡು. "ಬೆಳಿಗ್ಗೆಯಷ್ಟೇ ಗೊತ್ತಾಯ್ತು. ಬೇರೆ ಟೆಂಡರ್‌ನಿಂದ ನಕಲು ಮಾಡೋವಾಗ ಬಂದ್ಬಿಟ್ಟಿದೆ. ಏನ್ಮಾಡೋದು, ನಮ್ ಥೇಡಾಗೂ ವಯಸ್ಸಾಯ್ತು. ಮೊದ್ಲು ಮಂಡಿ ಕೈಕೊಡ್ತು, ಈಗ ತಲೆ. ತಲೆಗೆ ಹೊಸದು ಹಾಕೋ ಡಾಕ್ಟರು ಇನ್ನೂ ಹುಟ್ಟಿಲ್ವಲ್ಲ!"

ಅವನು ನಕ್ಕ. ಆ ನಗುವೊಂದನ್ನು ಅವನು ನುಂಗಿಕೊಂಡಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಥೇಡಾ ಆ ಕ್ಷಣದವರೆಗೂ ಎತ್ತ ವಾಲಬೇಕೆಂದು ತಿಳಿಯದೆ ಕೂತಿದ್ದಳು. ಹತ್ತೊಂಬತ್ತು ಮನೆಗಳಿಗಾಗಿ ಅವಳು ಸುಳ್ಳು ಹೇಳಿಯೂ ಬಿಡುತ್ತಿದ್ದಳು, ಆಮೇಲೆ ಮನೆಗೆ ಹೋಗಿ ಅತ್ತುಕೊಳ್ಳುತ್ತಿದ್ದಳು. ಆದರೆ ಕೂಡಿಸಿ ಕಳೆದು ಅವನ ಕಂಪನಿಯನ್ನು ಇಷ್ಟು ವರ್ಷ ಮುಳುಗದಂತೆ ಹಿಡಿದಿದ್ದ ತಲೆಯದು. ಅದನ್ನೇ ಹಿಡಿದು ಅವನು ಹಲ್ಲು ಕಿರಿದಾಗ ಅವಳ ಹೊಟ್ಟೆಯಿಂದ ಸಿಟ್ಟು ಎದ್ದುಬಂತು.

ರೇಮ್ಟ್ ಅವಳ ಕಡೆ ತಿರುಗಿದ. "ಶ್ರೀಮತಿ ಓಲ್ಟ್‌ಮನ್ಸ್, ಲೆಕ್ಕ ನಿಮ್ಮದು. ಇದು ತಪ್ಪಾ?"

"ಅಲ್ಲ," ಅಂದಳು ಥೇಡಾ. "ತಪ್ಪಲ್ಲ. ಗೊತ್ತಿದ್ದೇ ಬರೆದಿದ್ದು. ಆ ದಂಡೆ ಸಣ್ಣ ಯಂತ್ರ ತಡೆಯಲ್ಲ."

ಉಬ್ಬೊನ ಕುರ್ಚಿ ಕಿರುಗುಟ್ಟಿತು. ರೇಮ್ಟ್ ಹಾಳೆಯನ್ನು ಕೆಳಗಿಟ್ಟು, ಎರಡೂ ಅಂಗೈಗಳನ್ನು ಅದರ ಮೇಲಿಟ್ಟ.

"ಹಾಗಾದ್ರೆ ಒಂದೇ ಯಂತ್ರಕ್ಕೆ ಎರಡು ಸಲ ದುಡ್ಡು ಕೇಳಿದ್ದೀರಿ. ಈಗ ತಾನೇ ನನ್ನೆದುರಿಗೆ ಬರವಣಿಗೆ ತಪ್ಪು ಅಂತ ಸುಳ್ಳು ಬೇರೆ ಹೇಳಿದ್ರಿ. ಹಾರಿಂಗಾ ಅವರೇ, ನಿಮ್ಮ ತಂದೆಯವರ ಕಾಲದಿಂದ ನಿಮ್ಮ ಕಂಪನಿ ನಮ್ಮ ಪಟ್ಟೀಲಿದೆ. ನನಗೆ ಇಷ್ಟ ಇಲ್ಲ, ಆದ್ರೂ ಇದು ವಕೀಲರ ಹತ್ರ ಹೋಗುತ್ತೆ. ಪಟ್ಟಿಯ ವಿಷಯಾನೂ ಅವರೇ ತೀರ್ಮಾನ ಮಾಡ್ತಾರೆ."

ಉಬ್ಬೊನ ಮುಖದಲ್ಲಿ ರಕ್ತದ ಸುಳಿವಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಅವನನ್ನು ಅಲ್ಲಿಗೇ ಬಿಟ್ಟು ಎದ್ದು ಹೋಗಬಹುದಿತ್ತು. ಅಷ್ಟು ಸಿಟ್ಟು ಥೇಡಾಗಿತ್ತು. ಆದರೆ ಬಾಗಿಲು ಮುಚ್ಚಿದರೆ ಮುಚ್ಚುವುದು ಉಬ್ಬೊನದು ಮಾತ್ರವಲ್ಲ.

"ಕೊನೇ ಹಾಳೆ ತೆಗೀರಿ," ಅಂದಳು.

"ಯಾಕೆ?"

"ತೆಗೀರಿ. ಲಾಭದ ಸಾಲು ನೋಡಿ."

ರೇಮ್ಟ್ ತಿರುವಿದ. ಬೆರಳು ಹುಡುಕಿ ನಿಂತಿತು. ಅವನು ತಲೆಯೆತ್ತಲಿಲ್ಲ.

"ಸೊನ್ನೆ," ಅಂದ.

"ಏನು?" ಅಂದ ಉಬ್ಬೊ.

"ಲಾಭ ಅಂತ ಇರೋ ಕಡೆ ಸೊನ್ನೆ ಇದೆ."

"ಉಬ್ಬೊ ಒಂದು ಮೊತ್ತ ಹೇಳಿ, ಅದರ ಮೇಲೆ ಒಂದು ಯೂರೋ ಹೋದ್ರೂ ಕೆಲಸ ಬೇರೆಯವರ ಪಾಲು ಅಂದಿದ್ದ," ಎಂದಳು ಥೇಡಾ, ರೇಮ್ಟ್‌ಗೆ. "ಕೆಲಸ ಸಿಗದಿದ್ರೆ ಹುಡುಗರು ಚಳಿಗಾಲ ಪೂರ್ತಿ ಮನೇಲಿ ಕೂರಬೇಕಿತ್ತು. ದೊಡ್ಡ ಯಂತ್ರ ಸೇರಿಸಿದ್ರೆ ಮೊತ್ತ ಮೀರ್ತಿತ್ತು. ಕಳೆಯೋಕೆ ಅಂತ ಉಳಿದಿದ್ದು ಲಾಭ ಒಂದೇ. ಪೂರ್ತಿ ಕಳೆದೆ. ಅವನಿಗೆ ಹೇಳ್ಲಿಲ್ಲ. ರೇಮ್ಟ್ ಅವರೇ, ನೀವೇ ಹೇಳಿ, ಎರಡು ಸಲ ದುಡ್ಡು ಹೊಡೆಯೋ ಕಳ್ಳ ತನ್ನ ಲಾಭಕ್ಕೆ ತಾನೇ ಸೊನ್ನೆ ಹಾಕ್ಕೊಂಡು ಅದರ ಮೇಲೆ ಸಹಿ ಮಾಡ್ತಾನಾ? ಬಿಲ್ ಕಳಿಸಿದಾಗ ಒಳಗೇನಿದೆ ಅಂತ ಅವನಿಗೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಒಡೆಯಿರಿ ಅಂತ ಬರೀತಿದ್ನಾ? ನಾನು ಹೇಳಿದ್ದು ಇವತ್ತು ದಾರೀಲಿ. ಈಗ ಸುಳ್ಳು ಹೇಳಿದ್ದು ಹೆದರಿಕೆಗೆ."

ರೇಮ್ಟ್ ಬಹಳ ಹೊತ್ತು ಆ ಸೊನ್ನೆಯನ್ನೇ ನೋಡಿದ. ಆಮೇಲೆ ಉಬ್ಬೊನನ್ನು ನೋಡಿ, ಒಂದೊಂದು ಪದವನ್ನೂ ತೂಗಿ ಇಟ್ಟ.

"ಇವರ ಮಾತು ನಾನು ಬರ್ಕೋಬಹುದು. ಆದ್ರೆ ಇದು ನಿಮ್ಮ ಬಾಯಿಂದ ಬರ್ಬೇಕು. ಇದನ್ನ ಓದಿ ಸಹಿ ಹಾಕಿದ್ರಾ, ಓದ್ದೆ ಹಾಕಿದ್ರಾ?"

ಓದಿದೆ ಅಂದರೆ ಕಳ್ಳ. ಓದಲಿಲ್ಲ ಅಂದರೆ, ಅಪ್ಪ ಕಟ್ಟಿದ ಕಂಪನಿಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದ ದಡ್ಡ. ಕೆಲಸದವಳೊಬ್ಬಳು ವರ್ಷದ ಲಾಭವನ್ನು ಬಟ್ಟಲೊರಸಿದ ಹಾಗೆ ಒರಸಿಹಾಕಿದರೂ ಗೊತ್ತಾಗದವನು. ಹಾರಿಂಗಾಗಳಿಗೆ ಕಳ್ಳರೆಂದರೂ ನಡೆದೀತು, ದಡ್ಡರೆಂದರೆ ಜೀವ ಹೋಗುತ್ತದೆ. ಉಬ್ಬೊ ಬಟ್ಟಲಿನಲ್ಲಿದ್ದ ಚಮಚವನ್ನು ಮುಟ್ಟಿದ, ಬಿಟ್ಟ.

"ಓದ್ಲಿಲ್ಲ," ಅಂದ ಉಬ್ಬೊ. "ನಾನು ಯಾವತ್ತೂ ಓದೋದಿಲ್ಲ. ಕೆಳಗಿನ ಮೊತ್ತ ನೋಡಿ ಸಹಿ ಹಾಕ್ತೀನಿ." ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಬಿಲ್ ವಾಪಸ್ ತಗೋತೀನಿ," ಅಂದ.

ರೇಮ್ಟ್ ಬರೆದುಕೊಂಡ. ವಕೀಲರ ಮಾತು ಮತ್ತೆ ಎತ್ತಲಿಲ್ಲ. ಹಾಳೆಗಳನ್ನು ಹೊಸ ಲಕೋಟೆಗೆ ಹಾಕುವ ಮೊದಲು ಕ್ರಮದಂತೆ ಉಬ್ಬೊನ ಮುಂದೆ ಸರಿಸಿದ. ಮತ್ತೆ ಮೊಹರು ಮಾಡಬೇಕು, ಮತ್ತೆ ಅಂಚಿನ ಮೇಲೆ ಸಹಿ ಬೇಕು. ಉಬ್ಬೊ ಪೆನ್ನು ಹಿಡಿದ, ಹಿಡಿದದ್ದನ್ನು ಕೆಳಗಿಟ್ಟ. ಒಳಜೇಬಿನಿಂದ ಕನ್ನಡಕ ತೆಗೆದು ಮೊದಲ ಹಾಳೆಯಿಂದ ಓದಲು ಕೂತ. ತುಟಿ ಅಲುಗಿಸುತ್ತಾ, ಶಾಲೆಯಲ್ಲಿ ಓದುತ್ತಿದ್ದ ಹಾಗೆಯೇ. ರೇಮ್ಟ್ ಅವಸರ ಮಾಡಲಿಲ್ಲ. ಹುಲ್ಲು ಕೊಯ್ಯುವ ಬಾಬ್ತನ್ನೂ ಬಿಡದೆ ಎಲ್ಲ ಓದಿ ಮುಗಿಸಿದ ಮೇಲೆಯೇ ಅವನು ಸಹಿ ಹಾಕಿದ್ದು.

ಕಾರು ಕಾಲುವೆಯ ತಿರುವಿಗೆ ಬಂತು. ಥೇಡಾ ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದಳು.

"ನಿನ್ನ ಇಟ್ಕೊಳ್ಳೋಕಾಗಲ್ಲ ಥೇಡಾ," ಅಂದ ಉಬ್ಬೊ.

"ಗೊತ್ತು."

"ಸುಳ್ಳು ಹೇಳ್ಲಿಲ್ಲ ಅಂತಲ್ಲ."

"ಗೊತ್ತು. ಕೇಳ್ದೆ ಮಾಡ್ದೆ ಅಂತ."

"ಹೂಂ. ಇನ್ನೊಂದ್ಸಲ ಮಾಡಲ್ಲ ಅಂತ ನಾನು ಹೇಗೆ ನಂಬ್ಲಿ?"

ಥೇಡಾ ಯೋಚಿಸಿದಳು. ಮನಸ್ಸಿಗೆ ಸಮಾಧಾನವಾಗುವ ಉತ್ತರವನ್ನು ಅವನಿಗೆ ಕೊಡಬಹುದಿತ್ತು. "ಮಾಡ್ತೀನಿ," ಅಂದಳು. "ಅಂಥ ಮಣ್ಣೇ ಸಿಕ್ಕಿದ್ರೆ."

"ನೋಡಿದ್ಯಾ," ಅಂದ ಅವನು. "ಕ್ರಿಸ್‌ಮಸ್‌ವರೆಗೆ ಬಾ. ಆಮೇಲೆ ಬೇಡ."

ಅವನು ಹೇಳಿದ್ದು ಸರಿಯೆಂದು ಅವಳಿಗೆ ಗೊತ್ತಿತ್ತು. ಅವನ ಜಾಗದಲ್ಲಿ ತಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದೂ ಗೊತ್ತಿತ್ತು. ಗೊತ್ತಿದ್ದರೆ ನೋಯುವುದಿಲ್ಲವೆ? ನೋಯಿತು, ಚೆನ್ನಾಗಿಯೇ ನೋಯಿತು.

ಉಬ್ಬೊ ಕಚೇರಿಯ ಕಡೆ ತಿರುಗದೆ ಸೇತುವೆಯ ಕೆಲಸದ ಕಡೆ ಕಾರು ಬಿಟ್ಟ. ಅಭ್ಯಾಸಬಲವೋ, ಬೇಕೆಂದೋ. ಪೂರ್ವದ ದಂಡೆಯಲ್ಲಿ ದೊಡ್ಡ ಯಂತ್ರ ಪೈಲ್ ಹೊಡೆಯುತ್ತಿತ್ತು. ಪ್ರತಿ ಏಟಿಗೂ ಕಾಲ ಕೆಳಗಿನ ಕಪ್ಪು ನೆಲ ಅದುರಿ, ನಿಂತ ನೀರು ಸುಕ್ಕಾಗುತ್ತಿತ್ತು. ಉಬ್ಬೊ ಹಲಗೆ ಹಾಸಿದ ದಾರಿ ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟ. ಬೂಟು ಪಾದ ಮುಳುಗಿ, ಮೀನಖಂಡದವರೆಗೆ ಹೋಯಿತು. ಅವನು ಥೇಡಾಳ ಭುಜ ಹಿಡಿದು ಕಾಲು ಕಿತ್ತುಕೊಂಡ. ಕೆಸರು ಲೊಚಕ್ಕೆಂದಿತು.

ಏಟು ನಿಂತಿತು. ಯಂತ್ರದ ಕಿಟಕಿಯಿಂದ ಇಣುಕಿದ ಹಾಯೊ ಥೇಡಾಳನ್ನು ಕಂಡು ಏಣಿಯಲ್ಲಿ ಸರಸರ ಇಳಿದು ಬಂದ. ನಲವತ್ತು ದಾಟಿದ ಆಳು, ಮುಖವೆಲ್ಲ ಕೆಸರಿನ ಚುಕ್ಕೆ.

"ಓ ಬಂದ್ಯಾ, ಲೆಕ್ಕದ ಮಹಾರಾಣಿ! ಹೊಸ ಕಾಲಿಗೆ ಎಲ್ಲಿ ಕೇಕು? ಕಾಯಿಲೆಯಿಂದ ಎದ್ದೋರು ಕೇಕ್ ತರ್ಬೇಕು, ಅದನ್ನೂ ಮರ್ತ್ಯಾ?"

"ನಾಳೆ ತರ್ತೀನಿ ಮಾರಾಯ."

"ಎರಡು ತಾ, ನಾವೆಲ್ಲ ಒಣಗಿದ್ದೀವಿ." ಹಾಯೊ ಮಾಲೀಕನ ಕಡೆ ನೋಡಿದ. "ಯಾಕೆ ಉಬ್ಬೊ, ಮುಖ ಹೀಗಿದೆ? ಮಂಡಳಿಯೋರು ದುಡ್ಡು ಕೊಡಲ್ಲ ಅಂದ್ರಾ?"

"ಕೊಡಲ್ಲ."

"ಹಾಗಾದ್ರೆ ನಮ್ ಬೋನಸ್ಸು?"

"ಕೊಡ್ತೀನಿ ಅಂದಿದ್ದೆ, ಕೊಡ್ತೀನಿ. ಎಲ್ಲಿಂದ ಅಂತ ಕೇಳ್ಬೇಡ."

"ಲಾಭದಲ್ಲಿ ಕೊಡು, ಮತ್ತೆಲ್ಲಿಂದ!" ಹಾಯೊ ನಕ್ಕ. "ಬೇಕಾದಷ್ಟು ಮಾಡಿಟ್ಟಿರ್ತೀಯ."

ಉಬ್ಬೊ ಯಂತ್ರವನ್ನು ಅಡಿಯಿಂದ ಮುಡಿಯವರೆಗೆ ನೋಡಿದ: ಕೆಸರಿನ ಮೇಲೆ ಮುಳುಗದೆ ಹರಡಿ ಕೂತಿದ್ದ ಅಗಲ ಪಟ್ಟೆಗಳನ್ನು, ಮೇಲೆ ಚಾಲಕನ ಪೆಟ್ಟಿಗೆಯಲ್ಲಿ ಹಾಯೊ ಬಿಟ್ಟುಬಂದಿದ್ದ ಜಾಕೆಟ್ಟನ್ನು.

"ಹಾಯೊ," ಅಂದ. "ನೀನು ದಿನಾ ಅದರೊಳಗೆ ಹತ್ತಿ ಕೂರ್ತೀಯಲ್ಲ, ಅದೇ ಕಣೋ ನನ್ನ ಈ ವರ್ಷದ ಲಾಭ."

ಹಾಯೊ ಅದನ್ನು ತಮಾಷೆಯೆಂದೇ ತಿಳಿದ. "ಹಾಗಾದ್ರೆ ಅದಕ್ಕೆ ಬೆಳಿಗ್ಗೆ ಸಂಜೆ ಎಣ್ಣೆ ಹಾಕ್ತೀನಿ ಬಿಡು," ಎಂದು ನಗುತ್ತಾ ಏಣಿ ಹತ್ತಿದ. ಉಬ್ಬೊ ನಗಲಿಲ್ಲ. ಹಾಯೊ ಒಳಗೆ ಕೂತು ಬಾಗಿಲು ಎಳೆದುಕೊಳ್ಳುವವರೆಗೂ ಕಣ್ಣು ಕೀಳದೆ ನೋಡುತ್ತಿದ್ದ.

ಏಟು ಮತ್ತೆ ಶುರುವಾಯಿತು. ಥೇಡಾಳ ಕಣ್ಣಲ್ಲಿ ನೀರು ತುಂಬಿ ಬಂತು, ಕೆಲಸ ಹೋದದ್ದಕ್ಕಲ್ಲ. ಅವಳು ಅದನ್ನು ಒರಸಿಕೊಳ್ಳಲು ಹೋಗಲಿಲ್ಲ. ಉಬ್ಬೊ ಅವಳ ಪಕ್ಕದಲ್ಲಿಯೇ, ಒಂದು ಬೂಟು ಮೀನಖಂಡದವರೆಗೆ ಕಪ್ಪಾಗಿ, ನಿಂತಿದ್ದ.